ದೇವರ ದನದ ಕಿವಿ

ರಿಟೈರ್ ಆದ ಮೇಲೆ ಸುಮ್ಮನೆ ಮನೆಯಲ್ಲಿ ಕೂರಬೇಕಿತ್ತು. ಕೂರಲಿಲ್ಲ. ಅದೇ ನಿನ್ನ ಮೊದಲ ತಪ್ಪು ಎಂದು ನನ್ನ ತಂಗಿ ಈಗಲೂ ಹಂಗಿಸುತ್ತಾಳೆ. ಮೂವತ್ತೆರಡು ವರ್ಷ ಸರ್ಕಾರಿ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿದವಳು ನಾನು. ಜನಗಣತಿ, ಓಟರ್ ಲಿಸ್ಟು, ಪೋಲಿಯೊ ಹನಿ, ಯಾವ ಡ್ಯೂಟಿ ಹಾಕಿದರೂ ಗೊಣಗಿಕೊಂಡೇ ಮನೆಮನೆ ಸುತ್ತಿದವಳು. ನಾಲ್ಕು ಬಾಗಿಲು ತಟ್ಟದಿದ್ದರೆ ನನಗೆ ಉಂಡ ಅನ್ನ ಅರಗುವುದಿಲ್ಲ. ಹಾಗಾಗಿ ಹಳೆಯ ಪರಿಚಯದವರೊಬ್ಬರು ಸರ್ವೆ ಕೆಲಸ ಇದೆ, ಮಾಡುತ್ತೀರಾ ಎಂದಾಗ ಹ್ಞೂಂ ಅಂದುಬಿಟ್ಟೆ.

ಸರ್ವೆ ನಡೆಯಬೇಕಿದ್ದದ್ದು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ. ಬುಡಕಟ್ಟಿನವರು, ಅಲೆಮಾರಿಗಳು, ತಾಂಡಾದವರು ಇರುವ ಕಡೆಯೆಲ್ಲ ಹೋಗಿ, ಅವರ ಬದುಕು ಎಷ್ಟು ಗಟ್ಟಿಯಾಗಿದೆ, ಹೀಗೇ ಇನ್ನೆಷ್ಟು ಕಾಲ ತಾಳುತ್ತದೆ ಎಂದು ಅಳೆಯಬೇಕು. ಅಳೆಯುವುದಕ್ಕೆ ಒಂದು ಟ್ಯಾಬ್ ಕೊಟ್ಟಿದ್ದರು. ಮನೆಯೆಷ್ಟು, ಭಾಷೆ ಯಾವುದು, ದನಕರು ಎಷ್ಟು, ಮೇವಿನ ಜಾಗ ಎಲ್ಲಿ, ಮಕ್ಕಳು ಕಸುಬು ಕಲಿಯುತ್ತಿದ್ದಾರಾ. ಎಲ್ಲ ತುಂಬಿದ ಮೇಲೆ ಟ್ಯಾಬೇ ಲೆಕ್ಕ ಹಾಕಿ ಕೊನೆಗೆ ಒಂದು ಷರಾ ಕೊಡುತ್ತಿತ್ತು: ಗಟ್ಟಿ, ಸಾಧಾರಣ, ಕ್ಷೀಣ. ಪ್ರೋಗ್ರೆಸ್ ಕಾರ್ಡ್ ಬರೆದು ಬರೆದು ಅಭ್ಯಾಸವಾದ ಕೈ ನನ್ನದು. ಒಂದು ಜನಾಂಗಕ್ಕೇ ಮಾರ್ಕ್ಸ್ ಹಾಕುತ್ತಿದ್ದೇನಲ್ಲ ಎಂದು ನನಗೆ ಒಂದಿಷ್ಟೂ ಅನ್ನಿಸಲಿಲ್ಲ. ಮುಚ್ಚುಮರೆ ಯಾಕೆ, ಖುಷಿಯೇ ಆಗಿತ್ತು.

ಜಗಳೂರು ತಾಲ್ಲೂಕಿನ ಆ ಹಟ್ಟಿಗೆ ನಾನು ಹೋದದ್ದು ಒಂದು ಮಂಗಳವಾರ. ಮ್ಯಾಸನಾಯಕರ ಹಟ್ಟಿ. ಕುರುಚಲು ಗುಡ್ಡ, ದೂರದಲ್ಲಿ ಗಾಳಿ ಫ್ಯಾನುಗಳು, ಕೆಂಪು ಮಣ್ಣು, ನಲವತ್ತು ಚಿಲ್ಲರೆ ಮನೆ. ಹಟ್ಟಿಯ ಯಜಮಾನರು ನನ್ನನ್ನು ಮನೆಮನೆಗೆ ಕರೆದುಕೊಂಡು ಹೋದರು. ಅರವತ್ತೈದರ ಆಸುಪಾಸು, ಮಾತು ಜಾಸ್ತಿ, ಒಳ್ಳೆಯ ಮನುಷ್ಯ. ಒಂದೊಂದು ಮನೆಯಲ್ಲೂ ನಾನು ಕೇಳಿದೆ, "ನಿಮ್ಮನೇಲಿ ದನ ಎಷ್ಟು?" ಒಂದೊಂದು ಮನೆಯವರೂ ಹೇಳಿದರು, "ಒಂದೂ ಇಲ್ರೀ." ನಾನು ಸೊನ್ನೆ ಒತ್ತುತ್ತಾ ಹೋದೆ. ಮೂರೂವರೆ ಬಸ್ಸು ತಪ್ಪಿದರೆ ದಾವಣಗೆರೆ ಮುಟ್ಟುವುದು ಕಷ್ಟ ಎಂಬ ಧಾವಂತ ಬೇರೆ. ಟ್ಯಾಬು "ಕ್ಷೀಣ" ಎಂದಿತು. ನಾನೂ ಹೌದೆಂದು ತಲೆಯಾಡಿಸಿ ಕಳಿಸಿಬಿಟ್ಟೆ.

ಈಗ ಹೇಳುತ್ತೇನೆ ಕೇಳಿ, ನನ್ನ ತಲೆಗೆ ನಾನೇ ಬಡಿದುಕೊಳ್ಳುವ ವಿಷಯ. ಚನ್ನಗಿರಿಯಲ್ಲಿ ನನ್ನ ಅಬ್ಬಾ ಎತ್ತಿಗೆ ಲಾಳ ಕಟ್ಟುತ್ತಿದ್ದವರು. ಸಂತೆ ದಿನ ನಮ್ಮ ಮನೆ ಮುಂದೆ ಎತ್ತುಗಳ ಸಾಲು. ಹಗ್ಗ ಹಾಕಿ ಎತ್ತು ಕೆಡವುವುದನ್ನು, ಗೊರಸು ಹೆರೆಯುವುದನ್ನು ನೋಡಿಕೊಂಡೇ ನಾನು ಬೆಳೆದದ್ದು. ಸಗಣಿ ನೋಡಿದರೆ ದನ ಒಣಮೇವು ತಿಂದಿದೆಯೋ ಹಸಿಮೇವು ತಿಂದಿದೆಯೋ ಹೇಳಬಲ್ಲೆ. ಅಂಥವಳು ಆ ಹಟ್ಟಿಯ ಬೀದಿಯಲ್ಲಿ ಸಗಣಿ ತುಳಿಯದ ಹಾಗೆ ಸೀರೆ ಎತ್ತಿ ಹಿಡಿದುಕೊಂಡು ನಡೆದೆ. ಗೋಡೆಗೆಲ್ಲ ಸಗಣಿಯ ಕುರುಳು ತಟ್ಟಿದ್ದರು. ಅಂಗಳಕ್ಕೆಲ್ಲ ಸಗಣಿ ಸಾರಿಸಿದ್ದರು. ಇದು ಯಾರ ದನದ ಸಗಣಿ ಎಂದು ಒಂದು ಮಾತು ಕೇಳಲಿಲ್ಲ.

ಮೂರು ವಾರ ಕಳೆಯಿತು. ನಾನು ಸೂರಗೊಂಡನಕೊಪ್ಪದ ಕಡೆ ಒಂದು ತಾಂಡಾದಲ್ಲಿ ಕೂತು ಟೀ ಕುಡಿಯುತ್ತಿದ್ದೆ. ಗುರುವಾರ ಮಧ್ಯಾಹ್ನ. ಆ ಯಜಮಾನರ ಫೋನು ಬಂತು. ಸಲಾಮಿಲ್ಲ, ನಮಸ್ಕಾರವಿಲ್ಲ.

"ಟೀಚರಮ್ಮ, ನೀವು ಬರಕಂಡು ಹೋಗಿದ್ದು ಏನು? ನಮ್ಮ ಮೇವಿನ ಕಾವಲು ಖಾಲಿ ಜಾಗ ಅಂತ ನೋಟೀಸ್ ಅಂಟಿಸ್ಯಾರೆ. ಯಾರೂ ದನ ಮೇಯ್ಸಲ್ಲ, ಸೋಲಾರಿಗೆ ಕೊಡ್ತೀವಿ, ತಕರಾರಿದ್ರೆ ಶನಿವಾರದೊಳಗೆ ಹೇಳ್ರಿ ಅಂತ."

ನನ್ನ ಬಾಯಿ ಸುಮ್ಮನಿರುತ್ತದೆಯೇ? "ನೀವೇ ಹೇಳಿದ್ರಲ್ರೀ! ಒಬ್ಬರಾದ್ರೂ ದನ ಐತೆ ಅಂದ್ರಾ? ನಲವತ್ತು ಮನೇಲೂ ಇಲ್ಲ ಇಲ್ಲ ಅಂದು ಈಗ ನನ್ನ ಮೇಲೆ ಹಾಕ್ತೀರಾ?"

"ನಮ್ಮ ಮನೇಲಿ ಇಲ್ಲ ಅಂದ್ವಿ. ಅದು ಖರೇನೇ. ಇರಾವೆಲ್ಲ ದೇವರ ದನ. ರೊಪ್ಪದಾಗೆ ಅದಾವೆ. ಅವು ನಮ್ಮವು ಅನ್ನಾಕೆ ನಾವ್ಯಾರು?"

ದೇವರ ಹೆಸರಿಗೆ ಬಿಟ್ಟ ದನ. ಹೂಡುವುದಿಲ್ಲ, ಹಾಲು ಮಾರುವುದಿಲ್ಲ, ಸತ್ತರೆ ಮನುಷ್ಯರ ಹಾಗೆ ಮಣ್ಣು ಮಾಡುತ್ತಾರೆ. ಅಜ್ಜನ ಅಜ್ಜನ ಕಾಲದಿಂದ ಆ ಕಾವಲಿನಲ್ಲೇ ಮೇದುಕೊಂಡು ಬಂದಿವೆ. ನನ್ನದು ಎಂದು ಬಾಯಲ್ಲಿ ಹೇಳಿದರೆ ದೇವರ ಸೊತ್ತು ಕದ್ದ ಹಾಗೆ ಅವರಿಗೆ. ಯಾರ ಮನೆಯಲ್ಲೂ ಸುಳ್ಳು ಹೇಳಿರಲಿಲ್ಲ. ಹಟ್ಟಿಗೆ ಹಟ್ಟಿಯೇ ನಿಜ ಹೇಳಿ ಕೆಟ್ಟಿತ್ತು.

ಸೂಪರ್‌ವೈಸರಿಗೆ ಫೋನು ಹಚ್ಚಿದೆ. ಆತ ನನಗಿಂತ ಇಪ್ಪತ್ತೈದು ವರ್ಷ ಚಿಕ್ಕವನು. ತಣ್ಣಗೆ ಹೇಳಿದ, "ಮೇಡಂ, ತಿದ್ದಬಹುದು. ಆದರೆ ದನಗಳ ಕಿವಿಯ ಬಿಲ್ಲೆ ನಂಬರು ಹಾಕಬೇಕು. ನಂಬರಿಲ್ಲದ ದನ ಆಪ್‌ನಲ್ಲಿ ಬರೋದೇ ಇಲ್ಲ. ಶನಿವಾರ ಸಂಜೆ ಐದಕ್ಕೆ ಲಾಕ್ ಆಗುತ್ತೆ."

"ಕಣ್ಣಾರೆ ನೋಡಿ ನಾನು ಸಹಿ ಹಾಕ್ತೀನಿ, ಸಾಕಾಗಲ್ವಾ?"

"ನಿಮ್ಮ ಕಣ್ಣಿಗೆ ಕಾಲಂ ಇಲ್ಲ ಮೇಡಂ."

ಫೋನು ನೆಲಕ್ಕೆ ಬಡಿಯಬೇಕೆನ್ನಿಸಿತು. ಬಡಿಯಲಿಲ್ಲ, ಕಂತು ಇನ್ನೂ ಮುಗಿದಿರಲಿಲ್ಲ.

ಶುಕ್ರವಾರ ಬೆಳಕು ಹರಿಯುವ ಮೊದಲೇ ಬಸ್ಸು ಹಿಡಿದೆ. ನ್ಯಾಮತಿಯಿಂದ ಹೊನ್ನಾಳಿ, ಹೊನ್ನಾಳಿಯಿಂದ ದಾವಣಗೆರೆ, ಅಲ್ಲಿಂದ ಜಗಳೂರು. ದಾರಿಯುದ್ದಕ್ಕೂ ದನದ ಆಸ್ಪತ್ರೆಯ ಇನ್‌ಸ್ಪೆಕ್ಟರಿಗೆ ಫೋನು ಮಾಡಿ ಕಾಡಿದೆ. ಪಾಪ, ಒಪ್ಪಿಕೊಂಡ. ಶನಿವಾರ ಬೆಳಗ್ಗೆ ಬಿಲ್ಲೆ, ಚುಚ್ಚುವ ಇಕ್ಕಳ ಎಲ್ಲ ತರುತ್ತೇನೆ ಎಂದ. ಹಟ್ಟಿ ಮುಟ್ಟುವ ಹೊತ್ತಿಗೆ ನನ್ನ ಮುಖದಲ್ಲಿ ಗೆದ್ದ ಕಳೆ ಇದ್ದಿರಬೇಕು. ಯಜಮಾನರಿಗೆ ಹೇಳಿದೆ, "ಎಲ್ಲ ಆಯ್ತು ಯಜಮಾನ್ರೆ. ನಾಳೆ ಕಿವಿಗೆ ಬಿಲ್ಲೆ ಚುಚ್ಚಿಸಿದ್ರೆ ಮುಗೀತು."

ಅವರ ಮುಖ ಕಪ್ಪಿಟ್ಟಿತು. "ಚುಚ್ಚಾದಾ?" ಎಂದರು.

ಅವರು ನನ್ನನ್ನು ರೊಪ್ಪದ ಹತ್ತಿರ ಕರೆದುಕೊಂಡು ಹೋದರು. ಹಟ್ಟಿಯ ಹಿಂದಿನ ದಿಬ್ಬ ಇಳಿದರೆ ಮುಳ್ಳುಬೇಲಿಯ ದೊಡ್ಡ ಸುತ್ತು, ಅದೇ ರೊಪ್ಪ. ಒಳಗೆ ದನ. ಯಾ ಅಲ್ಲಾ, ಎಂಥ ದನ! ಬಿಳಿ, ಬೂದು, ಕೊಂಬು ಹಿಂದಕ್ಕೆ ಬಾಗಿ ಮೇಲಕ್ಕೆದ್ದವು, ಒಂದಕ್ಕೂ ಮೂಗುದಾರವಿಲ್ಲ. ಅಬ್ಬಾ ಇದ್ದಿದ್ದರೆ ಮಾತಾಡದೆ ನಿಂತುಬಿಡುತ್ತಿದ್ದರು. ಬೇಲಿಯ ಬಾಯಲ್ಲಿ ಒಬ್ಬ ಎತ್ತರದ ಮನುಷ್ಯ ಕಂಬಳಿ ಹೆಗಲಿಗೆ ಹಾಕಿಕೊಂಡು ಕೂತಿದ್ದ. ಅವನು ಕಿಲಾರಿ. ದೇವರ ದನ ಕಾಯುವವನಿಗೆ ಇಲ್ಲಿ ಹಾಗೆನ್ನುತ್ತಾರೆ. ಇಪ್ಪತ್ತರ ಪ್ರಾಯದಲ್ಲಿ ರೊಪ್ಪಕ್ಕೆ ಬಂದವನು ನಲವತ್ತು ವರ್ಷದಿಂದ ಅಲ್ಲೇ ಮಲಗಿ ಅಲ್ಲೇ ಏಳುತ್ತಿದ್ದ. ಮದುವೆಯಿಲ್ಲ, ಮನೆಯಿಲ್ಲ.

ಯಜಮಾನರು ವಿಷಯ ಹೇಳಿದರು. ಕಿಲಾರಿ ನನ್ನ ಮುಖ ನೋಡಿದ. ಸಿಟ್ಟಿನಿಂದ ನೋಡಿದ್ದರೆ ನಾನೂ ಸಿಟ್ಟಿನಿಂದ ನೋಡುತ್ತಿದ್ದೆ. ಹಾಗೆ ನೋಡಲಿಲ್ಲ.

"ರಕ್ತ ಬರ್ತೈತಾ ಅಕ್ಕಾರೆ?"

"ಒಂದೇ ಒಂದು ಹನಿ ಬರಬಹುದು ಅಣ್ಣಾರೆ. ಸೊಳ್ಳೆ ಕಚ್ಚಿದ ಹಂಗೆ."

"ಹನಿಯಾದ್ರೂ ರಕ್ತಾನೇ," ಎಂದು ಎದ್ದು ಒಳಗೆ ಹೋದ.

ಯಜಮಾನರು ಬಿಡಿಸಿ ಹೇಳಿದರು. ಈ ಹಟ್ಟಿಯ ಕಟ್ಟುಪಾಡು ಇದು: ದೇವರ ದನದ ಮೈಯಿಂದ ಮನುಷ್ಯನ ಕೈಯಾರೆ ರಕ್ತ ಬೀಳಬಾರದು. ಬಿದ್ದರೆ, ಬೀಳಿಸಿದವನೂ ಹಿಡಿದುಕೊಟ್ಟವನೂ ರೊಪ್ಪ ಬಿಡಬೇಕು. ಆಮೇಲೆ ಸಾಯುವ ತನಕ ಆ ದನಗಳ ನೆರಳಿಗೂ ಬರುವಂತಿಲ್ಲ. ಇನ್‌ಸ್ಪೆಕ್ಟರಿಗೆ, ನನಗೆ ಇದರಿಂದ ನಷ್ಟವೇನಿಲ್ಲ, ನಾವು ಹೊರಗಿನವರು. ಆದರೆ ಮೂಗುದಾರವಿಲ್ಲದ ಆ ದನ ಕಿಲಾರಿ ಒಬ್ಬನನ್ನು ಬಿಟ್ಟು ಯಾರ ಕೈಗೂ ಸಿಗುವುದಿಲ್ಲ. ಅವನು ಹಿಡಿದುಕೊಡಬೇಕು. ಹಿಡಿದುಕೊಟ್ಟರೆ ಅವನು ಹೋಗಬೇಕು. ಕೊಡದಿದ್ದರೆ ಕಾವಲು ಹೋಗುತ್ತದೆ, ಕಾವಲಿಲ್ಲದೆ ದನ ಉಳಿಯುವುದಿಲ್ಲ.

ಆ ಸಂಜೆ ಗುಡಿಯ ಮುಂದೆ ಹಟ್ಟಿಯ ಗಂಡಸರೆಲ್ಲ ಸೇರಿದರು. ಹೆಂಗಸರು ಗೋಡೆಗೆ ಒರಗಿ ನಿಂತರು. ಒಬ್ಬರ ಮೇಲೊಬ್ಬರು ಕೂಗಾಡಿದರು. ಕಾವಲು ಹೋದರೆ ಹೋಗಲಿ ಎಂದ ಒಬ್ಬ. ಅವನ ಹೆಂಡತಿಯೇ, "ದನ ಎಲ್ಲಿ ಕಟ್ತೀಯ, ನಿನ್ನ ತಲೆ ಮ್ಯಾಲಾ?" ಎಂದು ಬಾಯಿ ಮುಚ್ಚಿಸಿದಳು. ದೇವರನ್ನೇ ಕೇಳೋಣ ಎಂದರು ಕೆಲವರು. ಕೇಳುವುದಕ್ಕೆ ಪೂಜಾರಿ ಸೋಮವಾರ ಬರಬೇಕು, ಟ್ಯಾಬು ಶನಿವಾರ ಮುಚ್ಚುತ್ತದೆ. ಕಿಲಾರಿ ಆ ಸಭೆಗೆ ಬರಲೇ ಇಲ್ಲ.

ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಲಾಳ ಕಟ್ಟುವವರ ಮಗಳಲ್ಲವೇ, ಜಂಬ ಸುಮ್ಮನಿರಗೊಡಲಿಲ್ಲ. "ಕಿಲಾರಿ ಯಾಕೆ ಹಿಡೀಬೇಕು? ಹಗ್ಗ ಹಾಕಿ ಕೆಡವಾಕೆ ನನಗೆ ಬರುತ್ತೆ. ಗಂಟು ನಾನು ಹಾಕಿಕೊಡ್ತೀನಿ, ಎಳೆಯೋರು ನಾಲ್ಕು ಜನ ಬರ್ರಿ. ರೊಪ್ಪ ಬಿಡಬೇಕು ಅಂದ್ರೆ ಅವರು ಬಿಡ್ಲಿ, ಅವರೇನು ರೊಪ್ಪದಾಗೆ ಇರೋರಾ?" ಎಂದೆ. ಅಷ್ಟು ಜನರ ಮುಖವೂ ಒಮ್ಮೆಲೇ ಅರಳಿತು. ಯಜಮಾನರು ನನಗೆ ಕೈ ಮುಗಿದರು. ಆ ರಾತ್ರಿ ಅವರ ಮನೆಯಲ್ಲಿ ನಾನು ಹೊಟ್ಟೆ ತುಂಬ ಮುದ್ದೆ ಉಂಡು ಮಲಗಿದೆ.

ಶನಿವಾರ ಎಂಟಕ್ಕೆ ಇನ್‌ಸ್ಪೆಕ್ಟರು ಬಂದ. ನಾನು ಬೇಲಿಯ ಹೊರಗೆ ನಿಂತು ಹಗ್ಗಕ್ಕೆ ಅಬ್ಬಾನ ಗಂಟು ಹಾಕಿಕೊಟ್ಟೆ. ನಾಲ್ಕು ಜನ ಒಳಗೆ ಹೋದರು. ಕಿಲಾರಿ ದೂರದ ಜಾಲಿ ಮರದ ಬುಡದಲ್ಲಿ ಬೆನ್ನು ತಿರುಗಿಸಿ ಕೂತಿದ್ದ. ಮೊದಲ ಹಗ್ಗ ಒಂದು ಬೂದು ಹಸುವಿನ ಕುತ್ತಿಗೆಗೆ ಬಿತ್ತು, ಅಷ್ಟೇ. ನಾನು ಕಂಡ ಎತ್ತುಗಳೆಲ್ಲ ಹುಟ್ಟಿನಿಂದ ಹಗ್ಗ ಕಂಡವು. ಇವು ಕಂಡಿರಲಿಲ್ಲ. ಅದು ಕೂಗಿದ ಕೂಗಿಗೆ ರೊಪ್ಪಕ್ಕೆ ರೊಪ್ಪವೇ ಎದ್ದು ಸುತ್ತತೊಡಗಿತು. ಧೂಳಿನಲ್ಲಿ ಯಾರು ಎಲ್ಲಿದ್ದಾರೆಂದು ಕಾಣಲಿಲ್ಲ. ಹಗ್ಗ ಹಿಡಿದವನೊಬ್ಬನನ್ನು ಹಸು ಬೇಲಿಯ ತನಕ ಎಳೆದುಕೊಂಡು ಹೋಯಿತು. ನನ್ನ ಗಂಟು ಬಿಗಿಯಾಗುತ್ತಾ ಹೋಯಿತು, ಅದು ಬಿಗಿಯಾಗುವ ಗಂಟೇ. ಹಸುವಿನ ನಾಲಿಗೆ ಹೊರಗೆ ಬಂತು. ಕಾಲು ಮಡಚಿ ಕುಸಿಯಿತು. ಅದರ ಹೊಟ್ಟೆ ಆಗ ನನ್ನ ಕಣ್ಣಿಗೆ ಬಿತ್ತು. ತುಂಬಿದ ಗಬ್ಬ.

"ಕೊಯ್ರಿ ಹಗ್ಗ! ಕೊಯ್ರಿ!" ಎಂದು ಕಿರುಚಿದೆ. ಹತ್ತಿರ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ಬಿಳಿ ಹೋರಿಯೊಂದು ಕೊಂಬು ತಗ್ಗಿಸಿ ಹಸುವಿನ ಮುಂದೆ ನಿಂತುಬಿಟ್ಟಿತ್ತು.

ಕಿಲಾರಿ ಓಡಿ ಬಂದ. ಬೇಲಿ ದಾಟಿದ್ದು ಹೇಗೋ ಗೊತ್ತಿಲ್ಲ, ಕಾಲಿನ ತುಂಬ ಮುಳ್ಳು. "ಹೋ... ಹೋ... ಬಾರಪ್ಪ, ಬಾರವ್ವ," ಎಂದು ಒಂದೇ ಸಮನೆ ಅನ್ನುತ್ತಾ ಧೂಳಿನೊಳಗೆ ನಡೆದ. ಹೋರಿ ಪಕ್ಕಕ್ಕೆ ಸರಿಯಿತು. ಅವನು ಮಂಡಿಯೂರಿ ನನ್ನ ಗಂಟು ಬಿಚ್ಚಿದ. ಹಸು ಉಸಿರೆಳೆದುಕೊಂಡು ಅವನ ತೊಡೆಯ ಮೇಲೆ ತಲೆ ಹಾಕಿತು. ಹಗ್ಗ ಒತ್ತಿದ ಅದರ ಕುತ್ತಿಗೆಯನ್ನು ನೀವಿದ. ಆಮೇಲೆ ತಲೆಯೆತ್ತದೆ ಇನ್‌ಸ್ಪೆಕ್ಟರನ್ನು ಕರೆದ.

"ಬರ್ರಿ ಡಾಕ್ಟ್ರೇ. ಇದು ಮಲಗೇತಿ. ಇದರಿಂದಲೇ ಸುರು ಮಾಡ್ರಿ."

ಯಜಮಾನರು ಬೇಲಿ ಹಿಡಿದುಕೊಂಡು, "ಬ್ಯಾಡಪ್ಪಾ, ನೀನು ಬ್ಯಾಡ, ಬೇರೆ ಏನಾರ ಮಾಡಾನ," ಎಂದರು.

"ಬೇರೆ ಏನು ಮಾಡ್ತೀರಿ? ಸಾಯಿಸ್ತೀರಿ, ಅಷ್ಟೇ," ಎಂದ ಕಿಲಾರಿ. ಜೋರಾಗಿ ಹೇಳಲಿಲ್ಲ. ಆ ಮಾತು ನನಗೆ ಹೇಳಿದ್ದು ಎಂದು ನನಗೆ ಗೊತ್ತಾಯಿತು. ನಾಚಿಕೆಯಿಂದ ಸತ್ತುಹೋಗುವ ಹಾಗಾಯಿತು.

ಅರವತ್ತೇಳು ದನ. ಒಂದೊಂದನ್ನೂ ಹೆಸರು ಹಿಡಿದು ಕರೆದ. ಒಂದೊಂದೂ ಬಂತು. ಬಂದು ಅವನ ತೋಳಿಗೆ ಮೂತಿ ಒತ್ತಿ ನಿಂತಿತು. ಎಡಗೈಯಲ್ಲಿ ಕಣ್ಣು ಮುಚ್ಚಿ ಬಲಗೈಯಲ್ಲಿ ಕಿವಿ ಹಿಡಿದುಕೊಡುತ್ತಿದ್ದ. ಇಕ್ಕಳದ ಕಟಕ್ ಶಬ್ದಕ್ಕೆ ದನ ಬೆಚ್ಚುವುದಕ್ಕಿಂತ ಮೊದಲು ಅವನು ಬೆಚ್ಚುತ್ತಿದ್ದ. ಹನಿ ರಕ್ತ ಬಂದರೆ ಕಂಬಳಿಯ ಅಂಚಿನಿಂದ ಒರೆಸುತ್ತಿದ್ದ. ಇನ್‌ಸ್ಪೆಕ್ಟರು ನಂಬರು ಕೂಗುತ್ತಿದ್ದ, ನಾನು ಹೊರಗಿನಿಂದ ಟ್ಯಾಬಿಗೆ ಒತ್ತುತ್ತಿದ್ದೆ. ಎರಡು ಸಲ ತಪ್ಪು ಒತ್ತಿ ಅಳಿಸಿದೆ. ಊಟಕ್ಕೆ ಯಾರೂ ಏಳಲಿಲ್ಲ. ಮೂರೂವರೆಗೆ ಕೊನೆಯದು ಮುಗಿಯಿತು. ಅದು ಬಿಳಿ ಹೋರಿ. ಅದರ ಕಿವಿ ಬಿಟ್ಟವನು ಬೇಲಿಯಿಂದ ಹೊರಗೆ ಬಂದು, ಹಿಂದಕ್ಕೆ ತಿರುಗದೆ ದಿಬ್ಬ ಹತ್ತಿಹೋದ.

ನೆಟ್‌ವರ್ಕ್ ಸಿಗುವುದು ಗುಡಿಯ ಕಟ್ಟೆಯ ಮೇಲೆ ಮಾತ್ರ. ಅಲ್ಲಿ ನಿಂತು ಕೈ ಮೇಲೆತ್ತಿ ಕಳಿಸಿದೆ. ಸುತ್ತಿತು, ಸುತ್ತಿತು. ನಾಲ್ಕೂಮುಕ್ಕಾಲಿಗೆ ಹೋಯಿತು. ಟ್ಯಾಬು ತಾನೇ ಲೆಕ್ಕ ಹಾಕಿ "ಕ್ಷೀಣ" ಅಳಿಸಿ "ಗಟ್ಟಿ" ಎಂದು ಬರೆಯಿತು. ಸೂಪರ್‌ವೈಸರು ಫೋನು ಮಾಡಿ ಕಾವಲು ಖಾಲಿ ಜಾಗದ ಪಟ್ಟಿಯಿಂದ ಹೊರಗೆ ಬಂತು, ಇನ್ನು ಯಾರೂ ಮುಟ್ಟಲ್ಲ ಎಂದ. ನಾನು ಅದನ್ನು ಹೇಳಿದಾಗ ಹಟ್ಟಿಯವರು ಸಂತೋಷ ಪಟ್ಟರು, ಪಡಲೂ ಬೇಕಿತ್ತು. ಯಜಮಾನರ ಹೆಂಡತಿ ನನ್ನ ಮಡಿಲಿಗೆ ಬೆಲ್ಲದುಂಡೆ ಹಾಕಿದರು. ನಾನು ತಿನ್ನದೆ ಸೆರಗಿನಲ್ಲಿ ಕಟ್ಟಿಕೊಂಡೆ.

ಭಾನುವಾರ ಬೆಳಗ್ಗೆ ಏಳರ ಬಸ್ಸಿಗೆಂದು ರಸ್ತೆಗೆ ಬಂದೆ. ಕಿಲಾರಿ ಮೊದಲೇ ಬಂದು ನಿಂತಿದ್ದ. ಹೆಗಲಿಗೊಂದು ಪ್ಲಾಸ್ಟಿಕ್ ಚೀಲ. ಕಾಲಿನಲ್ಲಿ ಯಾರದೋ ಚಪ್ಪಲಿ, ಒಂದು ಸೈಜು ದೊಡ್ಡದು.

"ಎಲ್ಲಿಗೆ ಅಣ್ಣಾರೆ?"

"ತಂಗಿ ಊರಿಗೆ. ಹೊಳಲ್ಕೆರೆ ಕಡೆ. ಇಲ್ಲೇ ಇದ್ರೆ ನನ್ನ ದನಿ ಕೇಳಿಸ್ತೈತಿ ಅವಕ್ಕೆ."

ನಾನು ಪೆದ್ದಿಯ ಹಾಗೆ ಕೇಳಿದೆ, "ಇನ್ನು ಮೇಯ್ಸೋರು ಯಾರು?"

"ಇಬ್ರನ್ನ ನೇಮಿಸ್ಯಾರೆ. ಕಲೀತಾರೆ."

ಅಷ್ಟರಲ್ಲಿ ದಿಬ್ಬದ ಕಡೆಯಿಂದ ಕೂಗಾಟ ಕೇಳಿಸಿತು. ರೊಪ್ಪದ ಬಾಯಿ ತೆಗೆದಿದ್ದರು. ಕಾವಲಿರುವುದು ಪಡುವಣಕ್ಕೆ. ದನ ಪಡುವಣಕ್ಕೆ ಹೋಗಲಿಲ್ಲ. ದಿಬ್ಬ ಹತ್ತಿ, ಹಟ್ಟಿಯ ಬೀದಿ ದಾಟಿ, ಹಿಂಡಿಗೆ ಹಿಂಡೇ ರಸ್ತೆಗೆ ಬರುತ್ತಿತ್ತು. ಮುಂದೆ ಬಿಳಿ ಹೋರಿ. ಹೊಸಬರಿಬ್ಬರೂ ಅಡ್ಡ ಓಡುತ್ತಾ ಟವಲು ಬೀಸುತ್ತಾ ಕೂಗುತ್ತಿದ್ದರು, ದನ ಅವರನ್ನು ಕಣ್ಣೆತ್ತಿಯೂ ನೋಡಲಿಲ್ಲ. ಅರವತ್ತೇಳು ಕಿವಿಯಲ್ಲೂ ಹಳದಿ ಬಿಲ್ಲೆ ಅಲ್ಲಾಡುತ್ತಿತ್ತು.

ಕಿಲಾರಿ ನನ್ನ ಹಿಂದೆ ಸರಿದು ಅಡಗಿ ನಿಂತ. ಆ ಎತ್ತರದ ಮನುಷ್ಯ ನನ್ನಂಥ ಗಿಡ್ಡಿಯ ಹಿಂದೆ. "ಹೋಗ್ರವ್ವ, ಹೋಗ್ರಪ್ಪ, ಹೋಗ್ರಿ," ಎಂದು ಪಿಸುಗುಟ್ಟಿದ. ದನಿ ಕೇಳಿದ್ದೇ ತಡ, ಹೋರಿ ಓಡತೊಡಗಿತು. ಬಸ್ಸು ತಿರುವಿನಲ್ಲಿ ಹಾರನ್ ಹೊಡೆಯಿತು. ದನ ರಸ್ತೆಯ ತುಂಬ.

ಅವನು ಬಗ್ಗಿ ಕಲ್ಲು ಎತ್ತಿಕೊಂಡ. ನಲವತ್ತು ವರ್ಷದಲ್ಲಿ ಆ ದನಗಳ ಮೇಲೆ ಅವನೊಂದು ಕಡ್ಡಿ ಎತ್ತಿದ್ದನ್ನು ಕಂಡವರಿಲ್ಲ ಎಂದು ಆಮೇಲೆ ಯಜಮಾನರು ಅಳುತ್ತಾ ಹೇಳಿದರು. ಬೀಸಿ ಹೊಡೆದ. ಕಲ್ಲು ಹೋರಿಯ ಹಣೆಗೆ ಬಿತ್ತು. ಅದು ನಿಂತಿತು. ಇನ್ನೊಂದು ಹೊಡೆದ, ಮತ್ತೊಂದು ಹೊಡೆದ. "ಹೋಗಲೇ! ನಾನು ಸತ್ತೀನಿ, ಹೋಗಲೇ!" ಎಂದು ಗಂಟಲು ಹರಿಯುವ ಹಾಗೆ ಅರಚಿದ. ಕಣ್ಣೀರು, ಸಿಂಬಳ, ಎಲ್ಲ ಒಂದಾಗಿ ಹರಿಯುತ್ತಿತ್ತು. ಹೋರಿ ಹಿಂದಕ್ಕೂ ಹೋಗಲಿಲ್ಲ, ಮುಂದಕ್ಕೂ ಬರಲಿಲ್ಲ. ಹಣೆಯಿಂದ ರಕ್ತ ಇಳಿಯುತ್ತಿದ್ದರೂ, ಅವನು ಹತ್ತಿರ ಬಂದು ಒರೆಸುತ್ತಾನೆಂದು ಕಾಯುತ್ತಾ ಹಾಗೇ ನಿಂತಿತ್ತು.